ಮುದ್ರಾರಾಕ್ಷಸನ ಹೊಸ ಅವತಾರ

ಮನೆಯ ಪರದೆಯ ಮೇಲೆ ಮುದ್ದಾಗಿ ಕುಳಿತಿದ್ದ ಕನ್ನಡ, ಅಚ್ಚಿನ ಅಂಗಡಿಗೆ ಹೋದೊಡನೆ ಚೆಲ್ಲಾಪಿಲ್ಲಿಯಾಗುವುದೇಕೆ? ಶುದ್ಧವಾದ ಪದದ ಕೆಳಗೂ ಕೆಂಪು ಗೆರೆ ಮೂಡುವುದೇಕೆ?

ಅಚ್ಚುಕೂಟವಿರುವಲ್ಲೆಲ್ಲ ಮುದ್ರಾರಾಕ್ಷಸನಿಗೂ ಒಂದು ಮೂಲೆ ಮೀಸಲಾಗಿರುತ್ತದೆ ಎಂಬುದು ಬಲ್ಲವರ ಮಾತು. ಸೀಸದ ಮೊಳೆಗಳನ್ನು ಒಂದೊಂದಾಗಿ ಹೆಕ್ಕಿ ಜೋಡಿಸುತ್ತಿದ್ದ ಕಾಲದಲ್ಲಿ ಅವನು ಕಂಪಾಸಿಟರನ ಬೆರಳ ತುದಿಯಲ್ಲಿ ವಾಸವಾಗಿದ್ದನು. ‘ವಧು’ವನ್ನು ‘ಮಧು’ವಾಗಿಸುವುದು, ‘ಹಾಸನ’ದ ನೆಂಟರನ್ನು ‘ಆಸನ’ದಿಂದ ಬರಮಾಡಿಕೊಳ್ಳುವುದು ಅವನ ನಿತ್ಯವಿನೋದ. ಕಾಲಕ್ರಮದಲ್ಲಿ ಸೀಸದ ಮೊಳೆಗಳು ಮೂಲೆ ಸೇರಿದವು. ಅವುಗಳ ಸ್ಥಾನಕ್ಕೆ ಗಣಕಯಂತ್ರ ಬಂದಿತು. ಇನ್ನಾದರೂ ರಾಕ್ಷಸನ ಕಾಟ ತಪ್ಪಿತೆಂದು ಜನ ನೆಮ್ಮದಿಯ ಉಸಿರು ಬಿಟ್ಟರು. ಆದರೆ ಅವನು ಊರು ಬಿಟ್ಟಿರಲಿಲ್ಲ. ವೇಷ ಬದಲಿಸಿಕೊಂಡು ಯಂತ್ರದ ಒಳಹೊಕ್ಕಿದ್ದನು, ಅಷ್ಟೆ.

ಬೆಂಗಳೂರಿನ ಉತ್ತರದ ಅಂಚಿನಲ್ಲಿ, ತುಮಕೂರು ರಸ್ತೆಯ ಬದಿಗೆ, ಪೀಣ್ಯದ ಕೈಗಾರಿಕಾ ಪ್ರದೇಶದ ಮಗ್ಗುಲಲ್ಲಿ ಟಿ. ದಾಸರಹಳ್ಳಿ ಇದೆ. ೨೦೦೭ರಲ್ಲಿ ಮಹಾನಗರದ ಆಡಳಿತಕ್ಕೆ ಸೇರಿದ ಈ ಊರಿಗೆ ೨೦೧೫ರಲ್ಲಿ ಮೆಟ್ರೋ ರೈಲೂ ಬಂದಿತು. ಕಾರ್ಖಾನೆಗಳೂ ಸಂಸಾರಗಳೂ ಒತ್ತೊತ್ತಾಗಿ ನೆಲೆಸಿರುವ ಇಂಥ ಬಡಾವಣೆಗಳಲ್ಲಿ ಡಿ.ಟಿ.ಪಿ. ಅಂಗಡಿಗಳಿಗೆ ಕೆಲಸದ ಕೊರತೆಯಿಲ್ಲ. ಲಗ್ನಪತ್ರಿಕೆ, ಗೃಹಪ್ರವೇಶದ ಕರೆಯೋಲೆ, ಶಾಲೆಯ ವಾರ್ಷಿಕ ಸಂಚಿಕೆ, ಕಾರ್ಮಿಕ ಸಂಘದ ಕರಪತ್ರ, ರಾಜ್ಯೋತ್ಸವದ ಆಹ್ವಾನ, ಕೊನೆಗೆ ವೈಕುಂಠ ಸಮಾರಾಧನೆಯ ಪತ್ರಿಕೆ, ಹೀಗೆ ಸಂಸಾರವೊಂದರ ಸುಖದುಃಖಗಳೆಲ್ಲ ಇಂಥ ಪುಟ್ಟ ಅಂಗಡಿಗಳ ಮೂಲಕವೇ ಅಕ್ಷರರೂಪಕ್ಕೆ ಬರುತ್ತವೆ. ತೀರಿಕೊಂಡ ಹಿರಿಯರ ಹೆಸರೇ ತಪ್ಪಾಗಿ ಅಚ್ಚಾದರೆ ಆ ಮನೆಯವರಿಗೆ ಆಗುವ ಸಂಕಟವನ್ನು ಯಾವ ತಿದ್ದೋಲೆಯೂ ಅಳಿಸಲಾರದು. ಆದುದರಿಂದ ಈ ವಿಷಯ ಅಚ್ಚಿನವರಿಗೆ ಮಾತ್ರ ಸಂಬಂಧಿಸಿದ್ದಲ್ಲ; ಮನೆಮನೆಗೂ ಸಂಬಂಧಿಸಿದ್ದು.

ಸಾಮಾನ್ಯವಾಗಿ ನಡೆಯುವುದು ಹೀಗೆ: ಮನೆಯಲ್ಲಿ ಬೆರಳಚ್ಚು ಮಾಡಿದ ಬರಹವನ್ನು ಅಂಗಡಿಗೆ ಒಯ್ಯುತ್ತಾರೆ. ಅಲ್ಲಿ ತೆರೆದು ನೋಡಿದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಂತೆ. ಇಲ್ಲವೇ ಸಾಲುಸಾಲಾಗಿ ಖಾಲಿ ಚೌಕಗಳು. ಇಲ್ಲವೇ ಒತ್ತಕ್ಷರಗಳೆಲ್ಲ ತಮ್ಮ ಜಾಗ ಬಿಟ್ಟು ಪಕ್ಕಕ್ಕೆ ಸರಿದು ಕುಳಿತಿರುತ್ತವೆ. ‘ಫಾಂಟ್ ಇಲ್ಲ ಸಾರ್’ ಎನ್ನುತ್ತಾರೆ ಅಂಗಡಿಯವರು. ‘ಮನೆಯಲ್ಲಿ ಸರಿಯಾಗಿಯೇ ಇತ್ತಲ್ಲಪ್ಪಾ!’ ಎನ್ನುತ್ತಾರೆ ತಂದವರು. ಇಬ್ಬರ ಮಾತೂ ಸುಳ್ಳಲ್ಲ. ಆದರೆ ಇಬ್ಬರೂ ರೋಗದ ಮೂಲವನ್ನು ಮುಟ್ಟಿಲ್ಲ. ಗಣಕಯಂತ್ರದಲ್ಲಿ ಅಚ್ಚಾಗುವ ಪ್ರತಿಯೊಂದು ಕನ್ನಡ ಪುಟಕ್ಕೂ ನಾಲ್ಕು ಅಂತಸ್ತುಗಳುಂಟು: ಸಂಕೇತ, ಫಾಂಟ್, ಜೋಡಣೆ, ನಿಘಂಟು. ತಳದ ಅಂತಸ್ತು ಬಿರುಕು ಬಿಟ್ಟಿರುವಾಗ ಮೇಲಿನ ಅಂತಸ್ತಿಗೆ ಸುಣ್ಣ ಬಳಿದು ಪ್ರಯೋಜನವಿಲ್ಲ. ಕೆಳಗಿನಿಂದ ಒಂದೊಂದಾಗಿ ನೋಡುತ್ತ ಬಂದರೆ ಮುಕ್ಕಾಲು ಪಾಲು ತೊಡಕು ತಾನಾಗಿ ಬಿಡಿಸಿಕೊಳ್ಳುತ್ತದೆ.

ಒಳಗಿರುವುದು ಅಕ್ಷರವಲ್ಲ, ಅಂಕಿ

೧೮೧೭ರಲ್ಲಿ ಬಂಗಾಳದ ಶ್ರೀರಾಮಪುರದಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಅಚ್ಚಾಯಿತು. ೧೮೪೩ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನ ಕಲ್ಲಚ್ಚಿನಿಂದ ‘ಮಂಗಳೂರ ಸಮಾಚಾರ’ ಹೊರಬಿದ್ದಿತು. ಆ ಊರಿನ ಅದೇ ಮುದ್ರಣಾಲಯದಲ್ಲಿ ೧೮೯೪ರಲ್ಲಿ ಕಿಟೆಲ್ ಮಹಾಶಯರ ನಿಘಂಟು ಸಿದ್ಧವಾಯಿತು. ಕಲ್ಲಾಗಲಿ ಸೀಸವಾಗಲಿ, ಅಂದಿನ ಅಕ್ಷರ ಕಣ್ಣಿಗೆ ಕಾಣುವ, ಕೈಗೆ ಸಿಗುವ ವಸ್ತುವಾಗಿತ್ತು. ‘ಕ’ ಎಂಬ ಮೊಳೆ ಶ್ರೀರಾಮಪುರದಲ್ಲಿಯೂ ‘ಕ’, ಮಂಗಳೂರಿನಲ್ಲಿಯೂ ‘ಕ’.

ಗಣಕಯಂತ್ರಕ್ಕೆ ಅಕ್ಷರದ ಪರಿಚಯವೇ ಇಲ್ಲ. ಅದು ಬಲ್ಲದ್ದು ಅಂಕಿಯನ್ನು ಮಾತ್ರ. ಯಾವ ಅಂಕಿ ಯಾವ ಅಕ್ಷರವೆಂಬುದು ಮನುಷ್ಯರು ಮಾಡಿಕೊಂಡ ಒಪ್ಪಂದ. ಮೊದಲಿಗೆ ಈ ಒಪ್ಪಂದಗಳಲ್ಲಿ ಇಂಗ್ಲಿಷಿಗಷ್ಟೇ ಜಾಗವಿತ್ತು, ಕನ್ನಡಕ್ಕೆ ಮನೆಯಿರಲಿಲ್ಲ. ಆಗ ಕನ್ನಡದ ತಂತ್ರಜ್ಞರು ಒಂದು ಉಪಾಯ ಹೂಡಿದರು. ಇಂಗ್ಲಿಷಿನ ಅಂಕಿಗಳನ್ನೇ ಇಟ್ಟುಕೊಂಡು, ಫಾಂಟಿನಲ್ಲಿ ಆ ಅಕ್ಷರಗಳ ಚಿತ್ರವನ್ನು ಅಳಿಸಿ, ಅಲ್ಲಿ ಕನ್ನಡ ಅಕ್ಷರಗಳ ತುಂಡುಗಳನ್ನು ಬಿಡಿಸಿಟ್ಟರು. ‘ನುಡಿ’ಯ ಹಳೆಯ ಬಗೆಯ ಫಾಂಟನ್ನೇ ನೋಡಿ: ಅಲ್ಲಿ ೮೦ ಎಂಬ ಅಂಕಿ, ಅಂದರೆ ಇಂಗ್ಲಿಷಿನ ದೊಡ್ಡ ‘ಪಿ’, ತಲೆಕಟ್ಟಿಲ್ಲದ ಕಕಾರವಾಗಿ ಕಾಣಿಸಿಕೊಳ್ಳುತ್ತದೆ, ೧೬೩ ಎಂಬ ಅಂಕಿ, ಅಂದರೆ ಬ್ರಿಟನ್ನಿನ ಪೌಂಡ್ ನಾಣ್ಯದ ಚಿಹ್ನೆ, ನಕಾರವಾಗುತ್ತದೆ. ತಲೆಕಟ್ಟಿಗೆ ಪ್ರತ್ಯೇಕ ಅಂಕಿ. ಆ ಫಾಂಟ್ ಇರುವವರೆಗೆ ಎಲ್ಲವೂ ಚೆಂದ. ಅದಿಲ್ಲದ ಯಂತ್ರದಲ್ಲಿ ‘ಕನ್ನಡ’ ಎಂಬ ಪದ ಪಿ ಅಕ್ಷರದಿಂದ ಆರಂಭವಾಗಿ ಪೌಂಡ್ ಚಿಹ್ನೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ನಿಲ್ಲುತ್ತದೆ! ವೇಷ ಕಳಚಿದಾಗ ಒಳಗಿನ ನಟನ ಮುಖ ಕಂಡಂತೆ.

ಈ ಉಪಾಯವನ್ನು ಹಳಿಯುವುದು ನ್ಯಾಯವಲ್ಲ. ೧೯೯೮ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ‘ಬರಹ’, ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’, ಕೆ. ಪಿ. ರಾವ್ ಅವರ ‘ಸೇಡಿಯಾಪು’ ಮೊದಲಾದ ತಂತ್ರಾಂಶಗಳಿಂದಲೇ ಕನ್ನಡಿಗರು ಗಣಕಯಂತ್ರದ ಮೇಲೆ ತಮ್ಮ ನುಡಿಯನ್ನು ಬರೆಯಲು ಕಲಿತರು. ಆದರೆ ಒಂದೊಂದು ತಂತ್ರಾಂಶಕ್ಕೂ ಒಂದೊಂದು ಒಪ್ಪಂದವಾದುದರಿಂದ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಲಾರದ ಸ್ಥಿತಿ ಒದಗಿತು. ೧೯೯೧ರಲ್ಲಿ ಪ್ರಕಟವಾದ ಯೂನಿಕೋಡ್ ಎಂಬ ಜಾಗತಿಕ ಒಪ್ಪಂದದಲ್ಲಿ ಕನ್ನಡಕ್ಕೆ ೧೨೮ ಮನೆಗಳ ಸ್ವಂತ ಕೇರಿಯೇ ದೊರೆಯಿತು. ಅಲ್ಲಿ ‘ಕ’ ಎಂದರೆ ೩೨೨೧. ಬೆಂಗಳೂರಿನಲ್ಲಿಯೂ ೩೨೨೧, ಬರ್ಲಿನ್ನಿನಲ್ಲಿಯೂ ೩೨೨೧.

ಇಲ್ಲೊಂದು ಸೂಕ್ಷ್ಮವಿದೆ. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸದಿಂದ ಹಳೆಯ ಸಂಕೇತದಲ್ಲಿಯೂ ಬರೆಯಬಹುದು, ಯೂನಿಕೋಡಿನಲ್ಲಿಯೂ ಬರೆಯಬಹುದು. ಬೆರಳ ಚಲನೆ ಒಂದೇ. ಒಳಗೆ ಸೇರುವ ಅಂಕಿ ಬೇರೆ. ಆದುದರಿಂದಲೇ ಬರೆದವರಿಗೂ ತಾವು ಯಾವ ಸಂಕೇತದಲ್ಲಿ ಬರೆದೆವೆಂಬುದು ತಿಳಿದಿರುವುದಿಲ್ಲ. ಪರೀಕ್ಷೆ ಸುಲಭ: ಬರಹದ ಒಂದು ಸಾಲನ್ನು ಆರಿಸಿ ಅದಕ್ಕೆ ಯಾವುದಾದರೂ ಇಂಗ್ಲಿಷ್ ಫಾಂಟ್ ತೊಡಿಸಿ ನೋಡಬೇಕು. ಇಂಗ್ಲಿಷ್ ಅಕ್ಷರಗಳು ಚೆಲ್ಲಾಡಿದರೆ ಅದು ಹಳೆಯ ಸಂಕೇತ; ಕನ್ನಡವಾಗಿಯೇ ಉಳಿದರೆ, ಅಥವಾ ಚೌಕಗಳಾದರೆ, ಯೂನಿಕೋಡ್.

ಹಳೆಯ ಸಂಕೇತವನ್ನು ಹೊಸದಕ್ಕೆ ತಿರುಗಿಸುವ ಪರಿವರ್ತಕಗಳಿವೆ. ಆದರೆ ಅವುಗಳನ್ನು ಕಣ್ಣು ಮುಚ್ಚಿ ನಂಬಲಾಗದು. ಬರಹದ ನಡುವೆ ನಿಜವಾದ ಇಂಗ್ಲಿಷ್ ಪದವೊಂದಿದ್ದರೆ ಪರಿವರ್ತಕ ಅದನ್ನೂ ಕನ್ನಡವೆಂದು ಭಾವಿಸಿ ಕಲಸಿಬಿಡುತ್ತದೆ. ‘ಪಿ’ ಯಾವುದು, ಪಿ ವೇಷದ ‘ಕ’ ಯಾವುದು ಎಂದು ತಿಳಿಯುವ ಬಗೆ ಅದಕ್ಕಿಲ್ಲ. ಅರ್ಕಾವೊತ್ತಿನದೂ ಅದೇ ಕಥೆ. ‘ಸೂರ್ಯ’ ಎಂಬಲ್ಲಿ ಕಣ್ಣಿಗೆ ಯಕಾರ ಮೊದಲು, ಅರ್ಕಾವೊತ್ತು ಅನಂತರ. ಯೂನಿಕೋಡಿನಲ್ಲಾದರೋ ಉಚ್ಚಾರಣೆಯ ಕ್ರಮದಂತೆ ರಕಾರವೇ ಮೊದಲು. ಆದುದರಿಂದ ಪರಿವರ್ತಿಸಿದ ಮೇಲೆ ಮೂಲಪ್ರತಿಯನ್ನು ಕಾದಿರಿಸಿಕೊಂಡು, ಅರ್ಕಾವೊತ್ತು, ಅಂಕಿಗಳು, ಇಂಗ್ಲಿಷ್ ಪದಗಳು ಈ ಮೂರನ್ನು ಒಮ್ಮೆ ಕಣ್ಣಾಡಿಸಿ ನೋಡಲೇಬೇಕು.

ಫಾಂಟ್ ಎಂಬ ಉಡುಪು

ಸಂಕೇತ ಸರಿಯಾಗಿದ್ದರೆ ಫಾಂಟಿನ ತೊಡಕು ದೊಡ್ಡದಲ್ಲ. ಫಾಂಟ್ ಒಂದು ಉಡುಪು. ಒಂದು ಸಿಗದಿದ್ದರೆ ಇನ್ನೊಂದು. ಯೂನಿಕೋಡಿನ ಬರಹಕ್ಕೆ ವಿಂಡೋಸ್ ಎಕ್ಸ್‌ಪಿಯ ಕಾಲದಲ್ಲಿ ಬಂದ ‘ತುಂಗಾ’ ಆಗಬಹುದು, ‘ಲೋಹಿತ್ ಕನ್ನಡ’ ಆಗಬಹುದು, ಗೂಗಲ್ಲಿನ ‘ನೋಟೋ’ ಆಗಬಹುದು. ಅಕ್ಷರವಿಲ್ಲದಾಗ ಮೂಡುವ ಖಾಲಿ ಚೌಕಗಳನ್ನು ತಂತ್ರಜ್ಞರು ‘ಟೋಫು’ ಎಂದು ಕರೆಯುವುದುಂಟು. ಸೋಯಾದಿಂದ ಮಾಡುವ ಒಂದು ಬಗೆಯ ಗಟ್ಟಿ ಮೊಸರಿನ ತುಂಡುಗಳಂತೆ ಅವು ಕಾಣುವುದೇ ಕಾರಣ. ಇನ್ನು ಟೋಫು ಬೇಡವೆಂಬ ಅರ್ಥದಿಂದಲೇ ‘ನೋಟೋ’ ಎಂಬ ಹೆಸರು ಹುಟ್ಟಿತು.

ಪುಟವಿನ್ಯಾಸದ ತಂತ್ರಾಂಶಗಳು ಫಾಂಟ್ ಇಲ್ಲದಿರುವುದನ್ನು ಸುಮ್ಮನೆ ಮರೆಮಾಚುವುದಿಲ್ಲ. ಇನ್‌ಡಿಸೈನ್ ಆ ಸಾಲುಗಳಿಗೆ ಗುಲಾಬಿ ಬಣ್ಣ ಬಳಿದು ತೋರಿಸುತ್ತದೆ. ಸ್ಕ್ರೈಬಸ್ ಕಡತ ತೆರೆಯುವಾಗಲೇ, ‘ಈ ಫಾಂಟ್ ಇಲ್ಲ, ಬದಲಿಗೆ ಯಾವುದು?’ ಎಂದು ಕೇಳುತ್ತದೆ. ಅವಸರದಲ್ಲಿ ಇಂಗ್ಲಿಷ್ ಫಾಂಟೊಂದನ್ನು ಒಪ್ಪಿಬಿಟ್ಟರೆ ಮುಂದಿನ ಅನರ್ಥಕ್ಕೆ ಯಂತ್ರ ಹೊಣೆಯಲ್ಲ. ಮನೆಯಿಂದ ಅಂಗಡಿಗೆ ಸಿದ್ಧಪುಟವನ್ನು ಕಳುಹಿಸುವವರು ಪಿ.ಡಿ.ಎಫ್. ರೂಪದಲ್ಲಿ, ಫಾಂಟನ್ನು ಅದರೊಳಗೇ ಹುದುಗಿಸಿ ಕಳುಹಿಸುವುದು ಲೇಸು. ಆಗ ಪುಟ ತನ್ನ ಉಡುಪನ್ನು ತಾನೇ ಹೊತ್ತುಕೊಂಡು ಹೋಗುತ್ತದೆ. ಆದರೆ ತಿದ್ದುವುದಕ್ಕೆ ಬೇಕಾದ ಮೂಲಕಡತ ಮನೆಯಲ್ಲಿಯೇ ಇರಲಿ.

ಜೋಡಿಸುವವನು ಯಾರು?

ಸಂಕೇತವೂ ಸರಿ, ಫಾಂಟೂ ಸರಿ. ಆದರೂ ‘ಸ್ತ್ರೀ’ ಎಂಬುದು ಸಕಾರ, ತಕಾರ, ರಕಾರಗಳಾಗಿ ಒಡೆದು, ಮೇಲೊಂದು ಕೊಂಬಿನಂತೆ ಅರ್ಧಾಕ್ಷರದ ಗುರುತು ಹೊತ್ತು ನಿಂತಿದೆ. ಇದೇನು? ಹಿಂದೆ ಒತ್ತಕ್ಷರವನ್ನು ಕೆಳಗಿಡಬೇಕೆಂಬುದು ಕಂಪಾಸಿಟರನಿಗೆ ತಿಳಿದಿತ್ತು. ಈಗ ಆ ವಿದ್ಯೆಯನ್ನು ತಂತ್ರಾಂಶವೇ ಬಲ್ಲದಾಗಿರಬೇಕು. ಯೂನಿಕೋಡಿನಲ್ಲಿ ‘ಸ್ತ್ರೀ’ ಎಂಬ ಒಂದಕ್ಷರಕ್ಕೆ ಆರು ಅಂಕಿಗಳು: ಮೂರು ವ್ಯಂಜನ, ನಡುವೆ ಎರಡು ವಿರಾಮ, ಕೊನೆಗೆ ದೀರ್ಘದ ಗುರುತು. ಇವನ್ನು ಒಂದರ ಕೆಳಗೊಂದು ಜೋಡಿಸಿ ಕೊಡುವ ಒಳಯಂತ್ರ ಇಲ್ಲದ ತಂತ್ರಾಂಶ ಅವನ್ನು ಸಾಲಾಗಿ ನಿಲ್ಲಿಸಿ ಕೈತೊಳೆದುಕೊಳ್ಳುತ್ತದೆ.

೧೯೮೫ರಲ್ಲಿ ಹುಟ್ಟಿ ೨೦೦೧ರ ಏಳನೆಯ ಆವೃತ್ತಿಯೊಂದಿಗೆ ಬೆಳವಣಿಗೆ ನಿಲ್ಲಿಸಿದ ಪೇಜ್‌ಮೇಕರ್‌ಗೆ ಈ ವಿದ್ಯೆ ಬರಲೇ ಇಲ್ಲ. ಹಳೆಯ ಸಂಕೇತದ ಫಾಂಟುಗಳು ಅಚ್ಚಿನ ಅಂಗಡಿಗಳಲ್ಲಿ ಬಹುಕಾಲ ಬೇರೂರಿದ್ದಕ್ಕೆ ಇದೂ ಒಂದು ಕಾರಣ. ಇನ್‌ಡಿಸೈನಿಗೆ ೨೦೧೨ರ ಸಿಎಸ್೬ ಆವೃತ್ತಿಯಲ್ಲಿ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳ ಜೋಡಣೆ ಕೂಡಿಬಂತು. ಆದರೆ ಅಲ್ಲಿ ಪ್ಯಾರಾ ಸಂಯೋಜನೆಗೆ ‘ವರ್ಲ್ಡ್ ರೆಡಿ ಕಂಪೋಸರ್’ ಎಂಬುದನ್ನು ಆರಿಸಬೇಕು. ಇಂಗ್ಲಿಷಿಗೆ ತಕ್ಕ ಸಾಧಾರಣ ಕಂಪೋಸರ್ ಇದ್ದರೆ ಒತ್ತುಗಳು ಒಡೆಯುತ್ತವೆ. ಹಣ ಕೊಡದೆ ಪಡೆಯಬಹುದಾದ ಸ್ಕ್ರೈಬಸ್ಸಿನಲ್ಲಿ ೧.೪ ಸರಣಿಯವರೆಗೆ ಈ ಶಕ್ತಿ ಇರಲಿಲ್ಲ. ೨೦೨೪ರ ಆರಂಭದಲ್ಲಿ ಹೊರಬಂದ ೧.೬ ಆವೃತ್ತಿಗೆ ಅದು ಇದೆ. ಹೀಗಾಗಿ ಒತ್ತಕ್ಷರ ಒಡೆದಾಗ ಫಾಂಟ್ ಬದಲಿಸುತ್ತ ಹೊತ್ತು ಕಳೆಯುವುದಕ್ಕಿಂತ ಮೊದಲು ಆವೃತ್ತಿಯನ್ನೂ ಕಂಪೋಸರನ್ನೂ ನೋಡುವುದು ಜಾಣತನ.

ಕೆಂಪು ಗೆರೆಯ ಕಥೆ

ಮೂರು ಅಂತಸ್ತು ಏರಿದ ಮೇಲೆ ನಿಘಂಟಿನ ಸರದಿ. ಕಾಗುಣಿತ ಪರೀಕ್ಷೆ ನಡೆಸಿದೊಡನೆ ಪುಟಕ್ಕೆ ಪುಟವೇ ಕೆಂಪಾದರೆ ಗಾಬರಿಯಾಗಬೇಕಿಲ್ಲ. ಬಹಳಮಟ್ಟಿಗೆ ಕಾರಣ ಒಂದೇ: ಆ ಬರಹಕ್ಕೆ ‘ಭಾಷೆ’ ಎಂಬ ಕಡೆ ‘ಅಮೆರಿಕದ ಇಂಗ್ಲಿಷ್’ ಎಂದು ಗುರುತಾಗಿರುತ್ತದೆ. ಇಂಗ್ಲಿಷ್ ಪಂಡಿತನೊಬ್ಬನ ಕೈಗೆ ಕನ್ನಡ ಉತ್ತರಪತ್ರಿಕೆ ಕೊಟ್ಟರೆ ಅವನು ಮತ್ತೇನು ಮಾಡಿಯಾನು? ಅಕ್ಷರದ ಗುಣಗಳನ್ನು ನಿರ್ಧರಿಸುವಲ್ಲಿ ಭಾಷೆಯನ್ನು ‘ಕನ್ನಡ’ ಎಂದು ಬದಲಿಸಬೇಕು. ಅದನ್ನೂ ಸಾಲುಸಾಲಿಗೆ ಮಾಡದೆ ಪ್ಯಾರಾದ ಶೈಲಿಯಲ್ಲಿಯೇ ಒಮ್ಮೆ ಸೇರಿಸಿಬಿಟ್ಟರೆ ಮುಂದಿನ ಬರಹವೆಲ್ಲ ಅದರಂತೆ ನಡೆಯುತ್ತದೆ.

ಭಾಷೆ ಬದಲಿಸಿದರೂ ಪಟ್ಟಿಯಲ್ಲಿ ಕನ್ನಡದ ನಿಘಂಟು ಕಾಣದಿದ್ದರೆ ಅದನ್ನು ಸ್ಥಾಪಿಸಿಲ್ಲವೆಂದು ಅರ್ಥ. ಲಿಬ್ರೆ ಆಫೀಸ್, ಸ್ಕ್ರೈಬಸ್, ಇನ್‌ಡಿಸೈನ್ ಮೂರೂ ‘ಹನ್‌ಸ್ಪೆಲ್’ ಎಂಬ ಪದ್ಧತಿಯ ನಿಘಂಟನ್ನು ಬಳಸಬಲ್ಲವು. ಇದು ಜೋಡಿ ಕಡತ: ಒಂದರಲ್ಲಿ ಪದಗಳ ಪಟ್ಟಿ, ಇನ್ನೊಂದರಲ್ಲಿ ಪ್ರತ್ಯಯಗಳ ನಿಯಮ. ಎರಡೂ ಒಂದೇ ಹೆಸರಿನಲ್ಲಿ ಒಂದೇ ಜಾಗದಲ್ಲಿರಬೇಕು. ಒಂದನ್ನು ಮಾತ್ರ ತಂದಿಟ್ಟವರಿಗೆ ನಿಘಂಟು ದರ್ಶನ ಕೊಡುವುದಿಲ್ಲ. ಸ್ಥಾಪಿಸಿದ ಮೇಲೆ ತಂತ್ರಾಂಶವನ್ನು ಮುಚ್ಚಿ ತೆರೆಯುವುದನ್ನೂ ಮರೆಯಬಾರದು.

ಈ ಪದ್ಧತಿ ಹುಟ್ಟಿದ್ದು ಹಂಗೇರಿ ದೇಶದಲ್ಲಿ ಎಂಬುದು ಸ್ವಾರಸ್ಯದ ಸಂಗತಿ. ಅಲ್ಲಿನ ನುಡಿಯೂ ಕನ್ನಡದಂತೆ ಪದಕ್ಕೆ ಪ್ರತ್ಯಯಗಳನ್ನು ಪೋಣಿಸುತ್ತ ಹೋಗುವಂಥದು. ಇಂಗ್ಲಿಷಿನಲ್ಲಿ ‘ಮನೆ’ ಎಂಬುದಕ್ಕೆ ಎರಡೋ ಮೂರೋ ರೂಪಗಳಿದ್ದರೆ ಹೆಚ್ಚು. ಕನ್ನಡದಲ್ಲಾದರೋ ಮನೆಯ, ಮನೆಗೆ, ಮನೆಯಿಂದ, ಮನೆಗಳಲ್ಲಿಯೂ, ಮನೆಯವರಿಗಾಗಿಯೇ, ಮನೆಯೊಳಗಿದ್ದವರೆಲ್ಲರೂ ಎಂದು ವಂಶವೃಕ್ಷ ಬೆಳೆಯುತ್ತಲೇ ಇರುತ್ತದೆ. ಕಿಟೆಲ್ಲರ ನಿಘಂಟಿನಲ್ಲಿ ಸುಮಾರು ಎಪ್ಪತ್ತು ಸಾವಿರ ಪದಗಳಿವೆ. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ಎಂಟು ಸಂಪುಟಗಳದು. ಆದರೂ ‘ಮನೆಯೊಳಗಿದ್ದವರೆಲ್ಲರೂ’ ಎಂಬ ರೂಪವನ್ನು ಯಾವ ನಿಘಂಟುಕಾರರೂ ಪ್ರತ್ಯೇಕವಾಗಿ ಬರೆದಿಡುವುದಿಲ್ಲ; ಓದುಗನೇ ಬಿಡಿಸಿಕೊಳ್ಳುತ್ತಾನೆ. ಯಂತ್ರಕ್ಕೆ ಆ ಬಿಡಿಸುವಿಕೆಯನ್ನು ನಿಯಮವಾಗಿ ಕಲಿಸಬೇಕು. ಕಲಿಸಿದಷ್ಟೇ ಅದರ ವಿದ್ಯೆ. ಆದುದರಿಂದ ಕೆಂಪು ಗೆರೆ ಬಿದ್ದುದೆಲ್ಲ ತಪ್ಪಲ್ಲ. ಅದು, ‘ಈ ರೂಪ ನನಗೆ ತಿಳಿಯದು’ ಎಂಬ ವಿನಯದ ಮಾತು ಮಾತ್ರ.

ಕಣ್ಣಿಗೆ ಕಾಣದ ತಪ್ಪುಗಳು

ಆದರೆ ಕೆಲವೊಮ್ಮೆ ಕಣ್ಣಿಗಿಂತ ಯಂತ್ರವೇ ಚುರುಕು. ಅನುಸ್ವಾರದ ಸೊನ್ನೆಯೂ ಕನ್ನಡ ಅಂಕಿಯ ಸೊನ್ನೆಯೂ ನೋಡಲು ಅವಳಿ ಮಕ್ಕಳು. ಯಂತ್ರಕ್ಕೆ ಮೊದಲನೆಯದು ೩೨೦೨, ಎರಡನೆಯದು ೩೩೦೨. ‘ಕೆಂಪು’ ಎಂಬಲ್ಲಿ ಅಂಕಿಯ ಸೊನ್ನೆ ನುಸುಳಿದ್ದರೆ ಓದುವವರಿಗೆ ತಿಳಿಯುವುದೇ ಇಲ್ಲ; ನಿಘಂಟು ಮಾತ್ರ ಗೆರೆ ಎಳೆಯುತ್ತದೆ. ‘ದುಃಖ’ದ ವಿಸರ್ಗಕ್ಕೆ ಬದಲಾಗಿ ವಿವರಣೆಯ ಎರಡು ಚುಕ್ಕೆಗಳನ್ನು ಇಡುವುದೂ ಇದೇ ಜಾತಿಯ ದೋಷ. ಶುದ್ಧವೆಂದು ತೋರುವ ಪದದ ಕೆಳಗೆ ಗೆರೆ ಬಿದ್ದಾಗ ಮೊದಲು ಅನುಮಾನಿಸಬೇಕಾದದ್ದು ಈ ಸೊನ್ನೆ ಚುಕ್ಕೆಗಳನ್ನು.

ಇನ್ನೂ ಒಂದು ಬಗೆಯ ಅದೃಶ್ಯ ಜೀವಿಗಳಿವೆ. ‘ರಾಜ್‌ಕುಮಾರ್’ ಎಂದು ಬಿಡಿಸಿ ಬರೆಯಲು ಜಕಾರದ ಮುಂದೆ ಅಗಲವೇ ಇಲ್ಲದ ಒಂದು ಸಂಕೇತವನ್ನು ಇಡಬೇಕು. ಅದು ಬಿದ್ದುಹೋದರೆ ‘ರಾಜ್ಕುಮಾರ್’ ಆಗುತ್ತದೆ. ‘ರ‍್ಯಾಂಕ್’ ಎಂದು ಬರೆಯಲು ಅದರ ಸೋದರನಾದ ಮತ್ತೊಂದು ಸಂಕೇತ ಬೇಕು. ಇಲ್ಲವಾದರೆ ‘ರ್ಯಾಂಕ್’ ಎಂದು ಅರ್ಕಾವೊತ್ತು ಬರುತ್ತದೆ. ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಬರಹವನ್ನು ಸಾಗಿಸುವಾಗ ಇವು ಕಳೆದುಹೋಗುವುದುಂಟು. ಲಗ್ನಪತ್ರಿಕೆಯಲ್ಲಿ ಹೆಸರುಗಳೇ ಹೆಚ್ಚಾದುದರಿಂದ ಪೆಟ್ಟು ಬೀಳುವುದೂ ಅಲ್ಲಿಯೇ.

ಮನೆಯವರು ಮಾಡಬಹುದಾದದ್ದು

ಮನೆತನದ ಹೆಸರು, ಊರು, ಕುಲದೇವತೆಯ ಹೆಸರು ಇವನ್ನು ಯಾವ ನಿಘಂಟೂ ಬಲ್ಲದಾಗಿರಲಾರದು. ಅವನ್ನು ಬಳಕೆದಾರನ ಸ್ವಂತ ನಿಘಂಟಿಗೆ ಸೇರಿಸಿಕೊಳ್ಳಬಹುದು. ಸೇರಿಸುವ ಮೊದಲು ಮನೆಯ ಹಿರಿಯರಿಗೆ ಒಮ್ಮೆ ತೋರಿಸುವುದು ಒಳ್ಳೆಯದು. ಏಕೆಂದರೆ ಅವಸರದಲ್ಲಿ ತಪ್ಪು ರೂಪವನ್ನು ಕಲಿಸಿದರೆ ಯಂತ್ರ ಅದನ್ನೇ ವೇದವಾಕ್ಯವೆಂದು ಹಿಡಿದುಕೊಳ್ಳುತ್ತದೆ, ಮುಂದೆಂದೂ ಗೆರೆ ಎಳೆಯುವುದಿಲ್ಲ. ಈ ಸ್ವಂತ ನಿಘಂಟು ಬೇರೆಯೇ ಕಡತವಾದುದರಿಂದ ಹಳೆಯ ಯಂತ್ರವನ್ನು ಮಾರುವಾಗ ಅದನ್ನು ತೆಗೆದಿಟ್ಟುಕೊಳ್ಳದಿದ್ದರೆ ವರ್ಷಗಳ ಶ್ರಮ ಹಳೆಯ ಸಾಮಾನಿನ ಜೊತೆಗೇ ಹೋಗುತ್ತದೆ.

ಇದಕ್ಕಿಂತ ಮುಖ್ಯವಾದ ಮತ್ತೊಂದು ಕೆಲಸವಿದೆ. ಈ ಶತಮಾನದ ಆರಂಭದ ವರ್ಷಗಳಲ್ಲಿ ಹಳೆಯ ಸಂಕೇತದಲ್ಲಿ ಬರೆದಿಟ್ಟ ಊರ ಜಾತ್ರೆಯ ಸ್ಮರಣಸಂಚಿಕೆ, ತಾತನ ಆತ್ಮಕಥೆ, ಅಜ್ಜಿ ಹೇಳಿ ಬರೆಸಿದ ಹಾಡು ಎಷ್ಟೋ ಮನೆಗಳ ಮೂಲೆಯ ತಟ್ಟೆಗಳಲ್ಲಿ ಮಲಗಿವೆ. ಅವುಗಳ ಫಾಂಟ್ ಸಿಗುವಾಗಲೇ ಅವನ್ನು ಯೂನಿಕೋಡಿಗೆ ತಿರುಗಿಸಿಕೊಳ್ಳಬೇಕು. ಫಾಂಟ್ ಮರೆಯಾದರೆ ಆ ಬರಹ ಕೀಲಿಕೈ ಕಳೆದುಹೋದ ಪೆಟ್ಟಿಗೆ. ತಾಳೆಗರಿಗೆ ಗೆದ್ದಲು ಹಿಡಿಯಲು ನೂರಾರು ವರ್ಷ ಬೇಕಾದೀತು. ಇದಕ್ಕೆ ಇಪ್ಪತ್ತು ವರ್ಷವೇ ಸಾಕು.

ಇಷ್ಟೆಲ್ಲ ಸರಿಪಡಿಸಿದ ಮೇಲೂ ಒಂದು ಮಿತಿ ಉಳಿಯುತ್ತದೆ. ‘ಆಸನದಿಂದ ಬರುವ ಬಂಧುಗಳು’ ಎಂದು ಅಚ್ಚಾದರೆ ಯಾವ ನಿಘಂಟೂ ತಡೆಯುವುದಿಲ್ಲ. ‘ಆಸನ’ ಶುದ್ಧ ಪದವೇ ತಾನೆ! ‘ಮಧು’ವೂ ಶುದ್ಧವೇ. ಪದ ಸರಿಯೇ ಎಂದು ಯಂತ್ರ ನೋಡೀತು. ಮಾತು ಸರಿಯೇ ಎಂದು ಮನುಷ್ಯನೇ ನೋಡಬೇಕು. ಹಳೆಯ ಅಚ್ಚುಕೂಟಗಳಲ್ಲಿ ಕರಡು ತಿದ್ದುವಾಗ ಒಬ್ಬರು ಮೂಲಪ್ರತಿಯನ್ನು ಗಟ್ಟಿಯಾಗಿ ಓದುತ್ತಿದ್ದರು, ಇನ್ನೊಬ್ಬರು ಕರಡಿನ ಮೇಲೆ ಬೆರಳಿಟ್ಟು ಅನುಸರಿಸುತ್ತಿದ್ದರು. ಲಗ್ನಪತ್ರಿಕೆಯ ಕರಡು ಮನೆಗೆ ಬಂದಾಗ ಆ ಪದ್ಧತಿಯನ್ನು ಈಗಲೂ ಅನುಸರಿಸಬಹುದು: ತಾಯಿ ಓದಲಿ, ಮಗ ನೋಡಲಿ. ಬೆರಳಚ್ಚು ಮಾಡಿದವರು ಮಾತ್ರ ಆ ಇಬ್ಬರಲ್ಲಿ ಸೇರಬಾರದು, ಏಕೆಂದರೆ ತಾನು ಬರೆದುದರಲ್ಲಿ ತಪ್ಪು ಕಾಣುವ ಕಣ್ಣು ಅಪರೂಪ. ಸಂಕೇತ, ಫಾಂಟ್, ಜೋಡಣೆ, ನಿಘಂಟು ನಾಲ್ಕೂ ತಮ್ಮ ತಮ್ಮ ಕೆಲಸ ಮಾಡಿ, ಕೊನೆಗೆ ಮನೆಯ ಎರಡು ಜೊತೆ ಕಣ್ಣುಗಳು ಕಾವಲಿಗೆ ನಿಂತರೆ, ಮುದ್ರಾರಾಕ್ಷಸನು ಯಾವ ವೇಷದಲ್ಲಿ ಬಂದರೂ ಹೊಸಿಲು ದಾಟುವುದು ಕಷ್ಟ.